ಜಾರುವ ಮೂರನೇ ಗೇರು

ಅಕ್ಕನ ಗಂಡ ತಮ್ಮ ಹಳೆಯ ಕಾರನ್ನು ನನಗೆ ಮಾರಿದ ತಿಂಗಳೊಳಗೆ ಮೂರನೇ ಗೇರು ಕಾಟ ಕೊಡಲು ಶುರುಮಾಡಿತು. ದೊಡ್ಡಬಳ್ಳಾಪುರದಿಂದ ಮಧುರೆ ಕಡೆ ಹೋಗುವಾಗ ರಸ್ತೆ ಸ್ವಲ್ಪ ಏರಿದರೆ ಸಾಕು, ಗೇರು ತಾನಾಗಿ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು. ಭಾವನನ್ನು ಕೇಳಿದೆ.

"ನನ್ ಕೈಲಿ ಒಂದಿನಾನೂ ಹಂಗಾಗಿಲ್ಲಪ್ಪಾ. ನೀನು ಗೇರ್ ಪೂರ್ತಿ ಹಾಕ್ತಿಲ್ಲ ಅಷ್ಟೆ," ಎಂದರು.

ದೊಡ್ಡಬಳ್ಳಾಪುರದ ಮೆಕ್ಯಾನಿಕ್ ಗೇರ್ ಕೇಬಲ್ ಸರಿಮಾಡಿದ, ಇಂಜಿನ್ ಕೆಳಗಿನ ರಬ್ಬರ್ ಬದಲಿಸಿದ. ಆದರೂ ಜಾರಿತು. "ಒಳಗಡೆ ಹಲ್ಲು ಸವೆದೋಗಿದೆ ಸಾರ್. ಇದು ಇವತ್ತು ನಿನ್ನೇದಲ್ಲ," ಎಂದ. ನಮ್ಮ ಭಾವ ಸುಳ್ಳು ಹೇಳುವವರಲ್ಲ ಎಂದು ಅವನ ಮೇಲೇ ರೇಗಿದೆ.

ಒಂದು ಭಾನುವಾರ ಅಕ್ಕ, ಭಾವ, ನಾನು ಅದೇ ಕಾರಿನಲ್ಲಿ ಶಿವಗಂಗೆಗೆ ಹೊರಟಾಗ ಭಾವ ಸ್ಟೀರಿಂಗ್ ಹಿಡಿದರು. ಮೂರನೇ ಗೇರು ಹಾಕಿದ ಮೇಲೆ ಅವರ ಎಡಗೈ ಸ್ಟೀರಿಂಗಿಗೆ ವಾಪಸ್ ಬರಲಿಲ್ಲ. ಗೇರನ್ನು ಒತ್ತಿ ಹಿಡಿದುಕೊಂಡೇ, ಅಕ್ಕನ ಜೊತೆ ಹರಟುತ್ತ ಏರು ಹತ್ತಿಸಿದರು. ಕೈಗೆ ಅಷ್ಟು ರೂಢಿಯಾಗಿತ್ತು. ನಾನು ನೋಡುತ್ತಿರುವುದು ಗೊತ್ತಾಗಿ ಕೈ ತೆಗೆದರು. ತಕ್ಷಣ ಗೇರು ಜಾರಿ ಇಂಜಿನ್ ಅರಚಿತು.

"ಏನ್ರೀ ಅದು?" ಹಿಂದಿನ ಸೀಟಿನಿಂದ ಅಕ್ಕ ಕೇಳಿದಳು.

"ನಿನ್ ತಮ್ಮ ಗಾಡಿ ಕೆಡಿಸ್ಬಿಟ್ಟವ್ನೆ ಕಣೆ."

ಅಕ್ಕನ ಮುಖ ನೋಡಿ, "ಸರಿಮಾಡಿಸ್ತೀನಿ ಬಿಡಿ ಭಾವ," ಎಂದೆ. ಆಮೇಲೆ ಗೇರ್‌ಬಾಕ್ಸ್ ಬಿಚ್ಚಿಸಿ ಸರಿಮಾಡಿಸಿದೆ. "ಗಾಡಿ ಜೋಪಾನವಾಗಿ ಓಡ್ಸೋ," ಎಂದು ಅಕ್ಕ ಈಗಲೂ ಬುದ್ಧಿ ಹೇಳುತ್ತಾಳೆ. ಭಾವ ಪಕ್ಕದಲ್ಲಿ ಕೂತು ತಲೆಯಾಡಿಸುತ್ತಾರೆ.