ಈರಸಂಗಪ್ಪನವರ ಸಕ್ಕರೆ ಡಬ್ಬಿ

ಶ್ರಾವಣದಲ್ಲಿ ಒಬ್ಬ ಕಳ್ಳನನ್ನು ಹಿಡಿದೆ. ಅವನ ಮನೆಯಲ್ಲೇ ಹಿಡಿದೆ. ಮಾಲು ಸಮೇತ.

ಮಾಲು ಏನು ಅಂತೀರಾ? ಒಂದು ಡಬ್ಬಿ ಸಕ್ಕರೆ.

ಕಳ್ಳನ ಹೆಸರು ಈರಸಂಗಪ್ಪ. ಇಳಕಲ್ಲಿನ ನೇಕಾರರು, ಅರವತ್ತರ ಹತ್ತಿರದ ವಯಸ್ಸು. ನನ್ನ ದವಾಖಾನೆಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ಇವರಷ್ಟು ವಿಧೇಯರು ಇನ್ನೊಬ್ಬರಿಲ್ಲ. ಏನು ಹೇಳಿದರೂ 'ಹೂಂನ್ರಿ'. ಅನ್ನ ಕಡಿಮಿ ಮಾಡ್ರಿ. ಹೂಂನ್ರಿ. ಬೆಲ್ಲ, ಸಕ್ಕರಿ ಮುಟ್ಟಬ್ಯಾಡ್ರಿ. ಹೂಂನ್ರಿ. ಜ್ವಾಳದ ರೊಟ್ಟಿ, ಕಾಳಿನ ಪಲ್ಯ, ಮೆಂತ್ಯ ಸೊಪ್ಪು. ಮನ್ಯಾಗ ಹೇಳ್ರಿ, ಮಾಡಿ ಕೊಡ್ತಾರ. ಹೂಂನ್ರಿ.

(ಮನೆಯಲ್ಲಿ ಯಾರಿಗೆ ಹೇಳಬೇಕು? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆ, ಮಕ್ಕಳಿಲ್ಲ ಎಂದು ನನಗೆ ಗೊತ್ತಾಗಿದ್ದು ಕಳ್ಳತನ ಹಿಡಿದ ದಿನವೇ.)

ಅವರು ವಿಧೇಯರಾದರೂ ಅವರ ಟೆಸ್ಟ್ ಟ್ಯೂಬು ನನ್ನ ಮಾತು ಕೇಳುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತೇವೆ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಹೆಚ್ಚಿದೆ, ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ದೇವರೇ ಗತಿ. ಈರಸಂಗಪ್ಪನವರದು ಪ್ರತಿ ಸಲವೂ ಇಟ್ಟಂಗಿ. ಗುಳಿಗೆ ಹೆಚ್ಚಿಸಿದೆ. ಇಟ್ಟಂಗಿ. ಬೈದೆ. ಇಟ್ಟಂಗಿ.

ಅಷ್ಟರಲ್ಲಿ ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಯಿತು. ಕುಣಿಮಗ್ಗದವರಿಗೆ ಕಾಲೆಂದರೆ ಅನ್ನ. ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ತುಳಿಯಬೇಕು. ಕೈ ಎಷ್ಟೇ ಚುರುಕಿದ್ದರೂ ಕಾಲು ನಿಂತ ದಿನ ಸೀರೆ ನಿಂತುಬಿಡುತ್ತದೆ. ಹುಣ್ಣು ಒಣಗದಿದ್ದರೆ ಬೆರಳು ತೆಗೆಯಬೇಕಾದೀತು, ಅಷ್ಟಕ್ಕೂ ನಿಲ್ಲದಿದ್ದರೆ ಪಾದ. ಇದನ್ನೆಲ್ಲ ಅವರಿಗೆ ಬಿಡಿಸಿ ಹೇಳಿದ್ದೆ. ಏನಂದರು? ಅದೇ.

ಒಮ್ಮೆ ಎರಡು ದಿನ ಡ್ರೆಸ್ಸಿಂಗಿಗೆ ಬರಲಿಲ್ಲ. ಮಧ್ಯಾಹ್ನ ನಮ್ಮ ಕಾಂಪೌಂಡರ್ ಹುಸೇನಸಾಬರನ್ನು ಕರೆದುಕೊಂಡು ನಾನೇ ಅವರ ಓಣಿಗೆ ಹೋದೆ. ಮನೆಯಲ್ಲಿ ಅರ್ಧ ಜಾಗ ಮಗ್ಗದ್ದು, ಉಳಿದರ್ಧದಲ್ಲಿ ಒಲೆ, ಹಾಸಿಗೆ, ಈರಸಂಗಪ್ಪ. ಪಟ್ಟಿ ಕಟ್ಟಿ ಕೈ ತೊಳೆಯಲು ಒಲೆಯ ಕಡೆ ಹೋದವಳಿಗೆ ಗೋಡೆಯ ಗೂಡಿನಲ್ಲಿ ಡಬ್ಬಿ ಕಾಣಿಸಿತು. ತೆರೆದೆ. (ಬೇರೆಯವರ ಮನೆಯ ಡಬ್ಬಿ ತೆರೆಯಬಾರದು, ಗೊತ್ತು. ಡಾಕ್ಟರರಿಗೆ ಈ ಕೆಟ್ಟ ಚಾಳಿ ಬೇಗ ಹತ್ತುತ್ತದೆ.) ಕಂಠಮಟ್ಟ ಸಕ್ಕರೆ!

"ಇದೇನ್ರಿ ಇದು?"

"ಸಕ್ಕರಿ ರೀ."

"ಅದು ನನಗೂ ಕಾಣ್ತೈತಿ. ಯಾರ ತಿನ್ನಾಕ?"

"ತಿನ್ನಾಕಲ್ಲರಿ ಡಾಕ್ಟರಬಾಯಾರ. ತಾಟಿಗೆ ಹಾಕಾಕ."

ವಿಷಯ ಇಷ್ಟು. ಹಬ್ಬ, ಹುಣ್ಣಿಮೆ ಬಂದರೆ ಓಣಿಯವರು ಇವರ ಮನೆಗೆ ತಾಟು ತಂದುಕೊಡುತ್ತಾರೆ. ಶೇಂಗಾ ಹೋಳಿಗೆ, ಕಡಬು, ಪಂಚಮಿಯ ಉಂಡಿ, ಗೋಧಿ ಹುಗ್ಗಿ. ಹೆಂಡತಿ ಇದ್ದಾಗ ಆಕೆಯೂ ಕೊಡುತ್ತಿದ್ದರು. ಈಗ ಮಾಡಿ ಕೊಡುವ ಕೈ ಇಲ್ಲ. ಆದರೆ ಬಂದ ತಾಟನ್ನು ಬರಿದಾಗಿ ಹಿಂದೆ ಕೊಡುವುದು ನಮ್ಮ ಕಡೆ ಉಂಟೇ? ಅದಕ್ಕಾಗಿ ಒಂದು ಹಿಡಿ ಸಕ್ಕರೆ. ಆ ಡಬ್ಬಿಯಿಂದ ತಮ್ಮ ಚಹಾಕ್ಕೆ ಒಂದು ಚಮಚವನ್ನೂ ಅವರು ತೆಗೆದುಕೊಂಡಿರಲಿಲ್ಲ. ಅಂದರೆ ಕಳ್ಳ ಸಿಕ್ಕಿದ, ಕಳವು ಮಾತ್ರ ಬೇರೆ ಕಡೆ ಇತ್ತು.

"ಮತ್ತ ತಾಟಿನ್ಯಾಗ ಬಂದದ್ದು ಏನ ಮಾಡ್ತೀರಿ?"

"ಉಣ್ತೇನ್ರಿ. ಚೆಲ್ಲಾಕ ಬರ್ತೈತೇನ್ರಿ?"

"ಸಕ್ಕರಿ ಬ್ಯಾನಿ ಐತಿ, ತರಬ್ಯಾಡ್ರಿ ಅಂತ ಹೇಳಾಕ ಏನ ಧಾಡಿ?"

ಅವರು ನೆಲ ನೋಡಿದರು. "ಹೇಳಿದ್ರ ಮತ್ತ ತರೂದಿಲ್ರಲ್ಲಾ."

ನಾನು ಇದನ್ನು ಬಾಯಿಚಪಲ ಎಂದುಕೊಂಡೆ. ಹದಿನೈದು ವರ್ಷ ಡಾಕ್ಟರಿಕೆ ಮಾಡಿದವಳು, ರೋಗಿಯ ಮುಖ ನೋಡಿಯೇ ರೋಗ ಹೇಳುತ್ತೇನೆಂದು ಜಂಬ ಇದ್ದವಳು, ಮೂರು ಶಬ್ದದ ಮಾತನ್ನು ತಪ್ಪು ಓದಿದೆ.

ಓದಿ ಸುಮ್ಮನಿದ್ದೆನೆ? ಇಲ್ಲ. ಪಕ್ಕದ ಮನೆಯ ಗೌರವ್ವನ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನು ಸೇರಿಸಿ ಲೆಕ್ಚರ್ ಕೊಟ್ಟೆ. ನೀವು ಪ್ರೀತಿಯಿಂದ ಕೊಡುವ ಒಂದೊಂದು ಹೋಳಿಗೆಯೂ ಅವರ ಕಾಲಿಗೆ ಕೊಡುವ ಏಟು ಎಂದೆ. ಹುಣ್ಣಿನ ವರ್ಣನೆ ಮಾಡಿದೆ. (ಬೇಕಿದ್ದಕ್ಕಿಂತ ಜಾಸ್ತಿಯೇ ಮಾಡಿದೆ.) ಗೌರವ್ವ ಬಾಯಿಗೆ ಸೆರಗು ಹಿಡಿದು, "ಅಯ್ಯ ಶಿವನ, ನಮಗೇನ ಗೊತ್ತರಿ ಬಾಯಾರ! ಇನ್ನ ಕಾಕಾಗ ಒಂದ ತುಣಕ ಸೈತ ಕೊಡೂದಿಲ್ಲ" ಎಂದರು. ಉಳಿದವರೂ ತಲೆಯಾಡಿಸಿದರು. ಒಬ್ಬ ರೋಗಿಗೆ ವರ್ಷಗಟ್ಟಲೆ ಕಲಿಸಲಾಗದ್ದನ್ನು ಒಂದು ಓಣಿಗೆ ಅರ್ಧ ತಾಸಿನಲ್ಲಿ ಕಲಿಸಿದೆ ಎಂದು ಹಿಗ್ಗಿದೆ.

ಈರಸಂಗಪ್ಪನವರಿಗೆ ಹೊಸ ಚೀಟಿ ಬರೆದುಕೊಟ್ಟೆ. ಈ ಸಲ ಒಂಟಿ ಮನುಷ್ಯನಿಗೆ ಆಗುವಂಥದ್ದು. ರೊಟ್ಟಿ ಬಡಿಯಲು ಬಾರದಿದ್ದರೆ ಖಾನಾವಳಿಯಿಂದ ಖಡಕ್ ರೊಟ್ಟಿ ತರಬೇಕು. ಹೆಸರುಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಕುದಿಸಬೇಕು. ಮೆಂತ್ಯ, ಪುಂಡಿ, ಯಾವ ಸೊಪ್ಪು ಸಿಕ್ಕಿದರೂ ಸರಿ. ಮೊಸರಿನ ಬದಲು ಮಜ್ಜಿಗೆ. ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ ಸಾಕು.

ಅವರು ಅದನ್ನು ಅಕ್ಷರಶಃ ಪಾಲಿಸಿದರು. ನವರಾತ್ರಿಗೆ ಟ್ಯೂಬು ಹಸಿರಾಯಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಕಾಯಿಸಿದರೆ, ನೀಲಿ! ಹುಸೇನಸಾಬರು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡ್ರಿ ಬಾಯಾರ, ಹಾಕಿದ್ದ ಬಣ್ಣಾನ ಹಂಗ ಐತಿ" ಎಂದು ಕುಣಿಯುವುದೊಂದು ಬಾಕಿ. ಹುಣ್ಣು ಒಣಗಿತ್ತು. ಕಾಲು ಉಳಿಯಿತು, ಮಗ್ಗ ಉಳಿಯಿತು.

ಈರಸಂಗಪ್ಪ ಮಾತ್ರ ಸ್ಟೂಲಿನಿಂದ ಏಳಲಿಲ್ಲ, ಟ್ಯೂಬಿನ ಕಡೆ ನೋಡಲೂ ಇಲ್ಲ.

"ಯಾಕ್ರಿ, ಖುಷಿ ಆಗಲಿಲ್ಲೇನು?"

"ಛಲೋ ಆತ್ರಿ. ಕಾಲ ಉಳೀತು, ನಿಮ್ಮ ಉಪಕಾರ." ಒಣಗಿದ ಬೆರಳು ಸವರಿಕೊಂಡು ಹೇಳಿದರು: "ಈ ದೀಪಾವಳಿಗೆ ಯಾರೂ ಬಾಗಲಾ ಬಡೀಲಿಲ್ರಿ. ಅವರದೇನ ತಪ್ಪಿಲ್ಲ. ಗೌರವ್ವ ಬ್ಯಾರೇವ್ರ ಮನಿಗೆ ತಾಟ ಒಯ್ಯುವಾಗ ನನ್ನ ಮನಿ ಮುಂದ ಅದಕ್ಕ ಸೆರಗ ಮುಚ್ಚಿಕೊಂಡ ಹೋಗ್ತಾಳ. ನನಗ ಕಾಣಬಾರದು, ಆಸೆ ಆಗಬಾರದು ಅಂತ. ಪಾಪ, ಭಾಳ ಕಾಳಜಿ."

"ತಾಟ ಇಲ್ಲದಿದ್ರ ಏನಾತು, ಹಂಗ ಬಂದ ಮಾತಾಡಬೇಕಪ್ಪ!"

"ಹಂಗ ಹೆಂಗ ಬರ್ತಾರ್ರಿ? ಹೆಂಗಸರಿಲ್ಲದ ಮನಿ. ತಾಟ ಅಂದ್ರ ಬರಾಕ ಒಂದ ನೆವಾ ಇರ್ತಿತ್ತು. ಕಾಕಾ, ಅದೀರೇನ್ರಿ ಅಂತಿದ್ರು. ಬಿಸಿ ಐತಿ, ಈಗ ಉಣ್ರಿ ಅಂತಿದ್ರು. ಮತ್ತ ತಾಟ ಒಯ್ಯಾಕ ಇನ್ನೊಮ್ಮಿ ಬರ್ತಿದ್ರು. ಎರಡ ಸಲ ಆತಲ್ರಿ."

ಎರಡು ಸಲ. ಹೋಳಿಗೆಯಲ್ಲಿ ಎಷ್ಟು ಬೆಲ್ಲವಿದೆ ಎಂದು ಹೇಳಬಲ್ಲೆ. ಅದರಲ್ಲಿ ಎರಡು ಸಲ ಬಾಗಿಲು ಬಡಿಯುವ ಸದ್ದೂ ಇದೆ ಎಂದು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ನನ್ನದನ್ನೂ ಹೇಳಿಬಿಡುತ್ತೇನೆ. ನನ್ನ ಮನೆಯಲ್ಲೂ ನಾನೊಬ್ಬಳೇ. ಒಲೆ ಹಚ್ಚುವುದು ಚಹಾಕ್ಕೆ ಮಾತ್ರ. ಖಾನಾವಳಿಯಿಂದ ಡಬ್ಬಿ ಬರುತ್ತದೆ, ಪೇಪರ್ ಓದುತ್ತಾ ಉಣ್ಣುತ್ತೇನೆ, ಎಷ್ಟೋ ದಿನ ಪಲ್ಯ ಯಾವುದಿತ್ತು ಎಂಬುದೇ ನೆನಪಿರುವುದಿಲ್ಲ. ಹಬ್ಬದ ದಿನ ನನ್ನ ಬಾಗಿಲಿಗೆ ತಾಟು ಬರುವುದಿಲ್ಲ. ಡಾಕ್ಟರಬಾಯಾರು ಇಂಥಾವೆಲ್ಲ ತಿನ್ನುವುದಿಲ್ಲ ಎಂದು ಊರಿಗೆ ಊರೇ ನಂಬಿದೆ. (ತಿನ್ನುತ್ತೇನೆ. ಕೊಟ್ಟು ನೋಡಿ.)

ಕೆಡಿಸಿದವಳು ನಾನೇ, ಸರಿಮಾಡುವವಳೂ ನಾನೇ ಎಂದು ಮರುದಿನ ಗೌರವ್ವನ ಮನೆಗೆ ಹೋದೆ. ಆಕೆ ರೊಟ್ಟಿ ಬಡಿಯುತ್ತಿದ್ದರು. ನನ್ನ ಪ್ಲಾನ್ ಬಹಳ ಸರಳ. ಸಿಹಿ ಬೇಡ, ಆದರೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಆಗಾಗ ತಾಟಿನಲ್ಲಿ ಕೊಟ್ಟು ಬರಲು ಏನು ಕಷ್ಟ? ಸಕ್ಕರೆಯೂ ಏರುವುದಿಲ್ಲ, ಬಾಗಿಲೂ ಬಡಿದಂತಾಯಿತು.

ಗೌರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಅದ ಹೆಂಗ ಆಕ್ಕೈತ್ರಿ ಬಾಯಾರ? ಹಬ್ಬದ ತಾಟ ಅಂದ್ರ ಕೊಡೂದು, ತೊಗೊಳ್ಳೂದು. ಬರೇ ರೊಟ್ಟಿ ಒಯ್ದ ಕೊಟ್ರ ಭಿಕ್ಷಾ ನೀಡಿದಂಗ ಆಕ್ಕೈತಿ. ಕಾಕಾ ಮಾನದ ಮನಶಾ. ತೊಗೊಂಡರ ಅವಮಾನ, ಹೊಳ್ಳಿ ಕಳಿಸಿದ್ರ ನನಗ ಅವಮಾನ."

ಹೋಳಿಗೆ ಕೊಟ್ಟರೆ ಮರ್ಯಾದೆ, ರೊಟ್ಟಿ ಕೊಟ್ಟರೆ ಭಿಕ್ಷೆ. ಕಾಲಿಗೆ ಬೇಕಾದದ್ದು ಮಾನಕ್ಕೆ ಬೇಡ. ಆಕೆಯ ಮಾತು ಸುಳ್ಳೆಂದು ಹೇಳಲೂ ಆಗಲಿಲ್ಲ. ಈ ಸೀಮೆಯಲ್ಲೇ ಹುಟ್ಟಿದವಳು ನಾನು, ನನ್ನ ಅವ್ವನೂ ಹಾಗೆಯೇ ಹೇಳುತ್ತಿದ್ದಳು. ಗೌರವ್ವ ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಹೋದ ಮಂಗಳವಾರ ಈರಸಂಗಪ್ಪ ಎಂದಿನಂತೆ ಬಂದರು. ಟ್ಯೂಬು ನೀಲಿ. ಬೆರಳು ನೋಡಿದೆ, ಗುಳಿಗೆ ಬರೆದೆ. "ಇನ್ನ ವಾರಾವಾರಾ ಬರೂದ ಬ್ಯಾಡ್ರಿ. ತಿಂಗಳಿಗೊಮ್ಮಿ ಬಂದ್ರ ಸಾಕು" ಎಂದೆ. ಯಾವ ರೋಗಿಗಾದರೂ ಹಿಗ್ಗಾಗುವ ಮಾತು. ಅವರ ಮುಖ ಇಳಿಯಿತು.

"ವಾರಕ್ಕೊಮ್ಮಿ ಬಂದ್ರ ತ್ರಾಸ ಆಕ್ಕೈತೇನ್ರಿ ನಿಮಗ?"

"ನನಗೇನ ತ್ರಾಸ? ನಿಮಗ ದಂಡ. ಮಗ್ಗ ಬಿಟ್ಟ ಬರಬೇಕು, ಪಾಳಿ ಹಚ್ಚಬೇಕು."

"ಪಾಳಿ ಇದ್ರ ಛಲೋರಿ." ನಗಲು ನೋಡಿದರು. "ಹುಸೇನಸಾಬರು ಬಾಗಲದಾಗ ನಿಂತು ಈರಸಂಗಪ್ಪಾ ಅಂತ ಒದರ್ತಾರಲ್ರಿ. ಅಪ್ಪ ಅವ್ವ ಹೋದ್ರು, ಅಣ್ಣ ಹೋದ. ಈಗ ಹೆಸರ ಹಿಡದ ಕರಿಯೋರು ಯಾರೂ ಉಳದಿಲ್ಲ. ಇಲ್ಲಿ ಬಂದ್ರ ವಾರಕ್ಕೊಮ್ಮಿ ಅದೊಂದ ಕೇಳ್ತೇನಿ."

ನಾನು ಚೀಟಿಯನ್ನು ವಾಪಸು ತೆಗೆದುಕೊಂಡೆ. 'ತಿಂಗಳ ನಂತರ' ಎಂಬುದನ್ನು ಹೊಡೆದು 'ಎಂಟು ದಿನ ಬಿಟ್ಟು' ಎಂದು ಬರೆದೆ. ಇದಕ್ಕೆ ವೈದ್ಯಕೀಯ ಕಾರಣ ಏನೆಂದು ನನ್ನ ಡಾಕ್ಟರ್ ಮಿತ್ರರು ಯಾರೂ ಕೇಳಬಾರದು.

ಅವರು ಹೋದ ಮೇಲೆ ನನ್ನದೂ ಲೆಕ್ಕ ಹಾಕಿದೆ. ಈ ಊರಿನಲ್ಲಿ ನನ್ನನ್ನು ಡಾಕ್ಟರಬಾಯಾರ ಅನ್ನುತ್ತಾರೆ. ಬಾದಾಮಿಯಲ್ಲಿರುವ ಅಣ್ಣನ ಮಕ್ಕಳು ಅತ್ತಿ ಅನ್ನುತ್ತಾರೆ. ಅಣ್ಣ ಪತ್ರದಲ್ಲಿ ತಂಗಿಗೆ ಆಶೀರ್ವಾದ ಎಂದು ಬರೆಯುತ್ತಾನೆ. ನನಗೂ ಒಂದು ಹೆಸರಿದೆ; ದವಾಖಾನೆಯ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ.

ಓದುವವರು ಬೇಕಾದಷ್ಟು ಜನ. ಕರೆಯುವವರು ಯಾರು?