ಅವ್ವ ಹೊಡೆದ ಹಕ್ಕಿಗಳು

ಕಳೆದ ತಿಂಗಳು ಒಂದು ರವಿವಾರ, ಎಪ್ಪತ್ತೆರಡು ವರ್ಷದ ನಮ್ಮ ಅವ್ವ ಊಟ ಮುಗಿಸಿ, ಕೈ ಒರೆಸಿಕೊಂಡು ಬಂದು, ಸಾಲಾಗಿ ಇಪ್ಪತ್ತಮೂರು ಹಕ್ಕಿ ಹೊಡೆದಳು.

ಗಾಬರಿ ಬೇಡ. ಯಾರಿಗೂ ಫೋನ್ ಮಾಡಬೇಡಿ. ಹಕ್ಕಿ ಇದ್ದದ್ದು ಟೀವಿಯಲ್ಲಿ, ಬಂದೂಕು ಪ್ಲಾಸ್ಟಿಕ್ಕಿನದು, ಜಾಗ ನವನಗರದ ನಮ್ಮ ಅಣ್ಣನ ಮನೆಯ ಹಾಲ್.

ಬಂದೂಕು ತರಿಸಿದವಳು ಅಣ್ಣನ ಮಗಳು ಸೃಷ್ಟಿ. ಮೂವತ್ತು ನಲವತ್ತು ವರ್ಷದ ಹಿಂದಿನ ಬಂದೂಕಿನ ವಿಡಿಯೋ ಗೇಮುಗಳನ್ನು ಈಗ ಹೊಸ ಡಬ್ಬಿಯಲ್ಲಿ ಹಾಕಿ ಮತ್ತೆ ಮಾರುತ್ತಿದ್ದಾರೆ. ಅದೇ ಹಸಿರು ಹುಲ್ಲು, ಅದೇ ನೀಲಿ ಆಕಾಶ, ಹುಲ್ಲಿನಿಂದ ಪುರ್ರೆಂದು ಏಳುವ ಅದೇ ಹಕ್ಕಿ. ಇದಕ್ಕೆ ‘ರೆಟ್ರೊ’ ಅನ್ನುತ್ತಾರೆ. (ನನ್ನ ಬಾಲ್ಯ ರೆಟ್ರೊ ಆಗಿದೆ ಎಂದು ಕೇಳಿ ಮೊಣಕಾಲು ಒಂದು ಕ್ಷಣ ಹಿಡಿದುಕೊಂಡಿತು.)

ಹಳೆಯ ಬಂದೂಕು ಈಗಿನ ತೆಳ್ಳನೆ ಟೀವಿಗೆ ನಡೆಯುವುದಿಲ್ಲವಂತೆ. ಯಾಕೆ ಅಂತ ಸೃಷ್ಟಿ ನನಗೆ ತಿಳಿಸಿ ಹೇಳಿದಳು. ಹಿಂದೆ ನಾವು ಟ್ರಿಗರ್ ಒತ್ತಿದ ಕೂಡಲೇ ಪರದೆ ರೆಪ್ಪೆ ಬಡಿಯುವಷ್ಟು ಹೊತ್ತು ಕಪ್ಪಾಗಿ, ಹಕ್ಕಿ ಇದ್ದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಬಂದೂಕಿನ ಮೂತಿಯಲ್ಲೊಂದು ಕಣ್ಣು. ಆ ಕಣ್ಣಿಗೆ ಬೆಳಕು ಕಂಡರೆ ಹಕ್ಕಿ ಬಿತ್ತು. ಅಂದರೆ ಬಂದೂಕು ಏನನ್ನೂ ಹಾರಿಸುತ್ತಿರಲಿಲ್ಲ, ಬರೀ ನೋಡುತ್ತಿತ್ತು! ಆ ಮಿಂಚು ಹಳೆಯ ದಪ್ಪ ಟೀವಿಯ ಜೊತೆಗೇ ಹೋಯಿತು. ಹೊಸ ಬಂದೂಕಿನಲ್ಲಿ ಪುಟ್ಟ ಕ್ಯಾಮೆರಾ ಇದೆ.

ಮೊದಲು ಆಡಿದವನು ಅಣ್ಣ ಬಸಣ್ಣ. ಚಿಕ್ಕಂದಿನಲ್ಲಿ ನಮ್ಮ ಓಣಿಗೇ ತಾನು ಶೂರ ಎಂದು ಮಗಳಿಗೆ ಬೆಳಗಿನಿಂದ ಹೇಳಿಕೊಂಡು ಬಂದಿದ್ದ. ಹತ್ತು ಹಕ್ಕಿ ಹಾರಿದವು. ಹತ್ತೂ ಸುಖವಾಗಿ ಮನೆ ಸೇರಿದವು.

“ಇದು ಕೆಟ್ಟೈತಿ” ಎಂದ.

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಹೊರಗೆ ಬಂದಳು. “ಎಷ್ಟ್ ಅವಸರ ಮಾಡ್ತೀಯೋ ಬಸು. ತಾ ಇಲ್ಲಿ.”

“ಆಯೀ, ಒಂದ ಕಣ್ಣ ಮುಚ್ಚಿ ಗುರಿ ಹಿಡಿ” ಎಂದಳು ಸೃಷ್ಟಿ.

“ಎರಡೂ ಕಣ್ಣ ತಗದ ನೋಡಬೇಕವಾ. ಹಕ್ಕಿ ತಿರುಗೂ ಮುಂದ ಒಂಚೂರ ನಿಂದರತೈತಿ. ಆವಾಗ ಒತ್ತಬೇಕು.”

ಒತ್ತಿದಳು. ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು. ಇಪ್ಪತ್ತಮೂರರವರೆಗೆ ಸೃಷ್ಟಿ ಎಣಿಸುತ್ತ ಹೋದಳು. ನಾನು ಅವ್ವನ ಮುಖ ನೋಡುತ್ತಿದ್ದೆ. ಅವಳು ಆ ಹಾಲಿನಲ್ಲಿ ಇರಲೇ ಇಲ್ಲ. ಎಲ್ಲೋ ದೂರದ ಒಂದು ತಂಪು ಕೋಣೆಯಲ್ಲಿದ್ದಳು.

“ಅವ್ವ, ಇದನ್ನ ಯಾವಾಗ ಕಲ್ತಿ?” ಎಂದೆ.

“ನೀವು ಸಾಲಿಗೆ ಹೋದಾಗ.”

ನಾವು ಹಳೆಯ ಬಾಗಲಕೋಟೆಯವರು. ನಮ್ಮ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ನಿಜವಾದ ಬಾತುಗಳೇ ಬಂದಿಳಿಯುತ್ತವೆ, ನಮ್ಮ ಮಾಳಿಗೆ ಇದ್ದ ಕಡೆ ತಣ್ಣಗೆ ತೇಲುತ್ತವೆ. ಆ ಮನೆಗೆ ಹುಬ್ಬಳ್ಳಿಯ ಮಾವ ಒಂದು ವಿಡಿಯೋ ಗೇಮ್ ತಂದುಕೊಟ್ಟಿದ್ದ. ಕಿತ್ತಳೆ ಬಣ್ಣದ ಬಂದೂಕು, ಉದ್ದನೆಯ ವಾಯರು.

ಆಗಿನ ಒಂದು ಜಗಳ ನೆನಪಿದೆ. ಸಾಲಿ ಬಿಟ್ಟು ಬಂದಾಗ ಟೀವಿಯ ಬೆನ್ನು ಬೆಚ್ಚಗಿರುತ್ತಿತ್ತು. “ನೀನ ಮೊದಲ ಓಡಿ ಬಂದು ಹಚ್ಚೀದಿ” ಎಂದು ಅಣ್ಣ ನನ್ನ ಜಡೆ ಜಗ್ಗುತ್ತಿದ್ದ. ನಾನು ಅವನ ಕೈ ಕಚ್ಚುತ್ತಿದ್ದೆ. ಅವ್ವ ಇಬ್ಬರಿಗೂ ಎರಡೆರಡು ಕೊಟ್ಟು ಚಹಾಕ್ಕೆ ಇಡುತ್ತಿದ್ದಳು.

ಎಷ್ಟು ವರ್ಷ ಆಯಿತು ನೋಡಿ, ಕಳ್ಳಿ ಸಿಗಲಿಕ್ಕೆ!

ಕಳ್ಳಿಯರು ಇಬ್ಬರು. ಇನ್ನೊಬ್ಬಳು ಎದುರು ಮನೆಯಲ್ಲಿ ಬಾಡಿಗೆಗಿದ್ದ ಟೇಲರ್ ಹೆಂಡತಿ ಹಾಜರಾಬಿ. ನಾವು ಚಿಗವ್ವ ಅನ್ನುತ್ತಿದ್ದೆವು. ಮಧ್ಯಾಹ್ನ ಗಂಡಸರು ಅಂಗಡಿಯಲ್ಲಿ, ಮಕ್ಕಳು ಸಾಲಿಯಲ್ಲಿ. ಇಬ್ಬರೂ ಮುಸುರೆ ತಿಕ್ಕಿ, ಕಿಟಕಿಗೆ ಹಳೆ ಚಾದರ ಇಳಿಬಿಟ್ಟು, ನೆಲದ ಮೇಲೆ ಕೂತು ಹಕ್ಕಿ ಹೊಡೆಯುತ್ತಿದ್ದರಂತೆ. ಬಂದೂಕು ಒಂದೇ. ಒಬ್ಬಳು ಹಿಡಿಯುವುದು, ಇನ್ನೊಬ್ಬಳು ‘ಈಗ’ ಅನ್ನುವುದು. ಚಾದರದ ತೂತಿನಿಂದ ಬಿಸಿಲು ಕಾಸಿನಗಲ ಬಿದ್ದು ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದು ಗಡಿಯಾರದ ಹತ್ತಿರ ಬಂದರೆ ನಾವು ಬರುವ ಹೊತ್ತು. ಆಗ ಬಂದೂಕಿನ ವಾಯರನ್ನು ನಾವು ಸುತ್ತಿದ ಹಾಗೆಯೇ ವಂಕಿಟಿಂಕಿ ಸುತ್ತಿ ಇಡುವುದು.

“ಹಂಗಾರ ಯಾಕ ಮುಚ್ಚಿಟ್ರಿ? ಹೇಳಿದ್ರ ಏನಾಗ್ತಿತ್ತು?” ಅಣ್ಣ ಕೇಳಿದ.

“ಹೇಳಿದ್ರ ಅದು ನಮ್ಮದು ಉಳೀತಿದ್ದಿಲ್ಲಲ್ಲೋ.”

ಅಣ್ಣ ನಗುತ್ತಿದ್ದ. ಅವ್ವ ನಗಲಿಲ್ಲ. ಬಂದೂಕನ್ನು ಸೆರಗಿನಿಂದ ಒರೆಸುತ್ತ ಇನ್ನೊಂದು ಮಾತು ಹೇಳಿದಳು. ಊರು ಬಿಡುವ ದಿನ. ನಮ್ಮ ಸಾಮಾನು ಲಾರಿ ಏರುತ್ತಿತ್ತು. ಹಾಜರಾಬಿಯ ಸಂಸಾರ ಅವಳ ತವರೂರು ಇಲಕಲ್ಲಿಗೆ ಹೊರಟಿತ್ತು. ಅವಳು ಬಂದು, “ಅಕ್ಕಾ, ಆ ಬಂದೂಕು ನನಗ ಕೊಡ್ತೀಯೇನ? ನೆನಪಿಗೆ ಇಟ್ಕೋತೇನಿ” ಎಂದಳಂತೆ.

“ಹುಡುಗರು ಕೇಳ್ತಾವ ಅಂದುಬಿಟ್ಟೆ. ನೀವು ಅದನ್ನ ಮುಟ್ಟೂದು ಬಿಟ್ಟು ಎಷ್ಟೋ ವರ್ಷಾಗಿತ್ತು. ಯಾಕ ಹಂಗಂದೆ, ನನಗ ಗೊತ್ತಿಲ್ಲ. ಆಕಿ ಹೂಂ ಅಂದು ತಿರುಗಿ ಹೋದ್ಲು. ಈ ಮನಿಗೆ ಬಂದು ಗಂಟು ಬಿಚ್ಚಿದ್ರ ಬಂದೂಕ ಇಲ್ಲ. ಎಲ್ಲಿ ಬಿತ್ತೋ ಏನೋ. ಆಕಿಗೂ ಇಲ್ಲ, ನನಗೂ ಇಲ್ಲ.”

ಆಮೇಲೆ ಇಬ್ಬರೂ ಭೇಟಿಯಾಗಿಲ್ಲ. ಇಲಕಲ್ ಎಷ್ಟು ದೂರ? ಹುನಗುಂದ ದಾಟಿದರೆ ಬಂತು. ನಾವು ಸೀರೆ ಕೊಳ್ಳಲು ಎಷ್ಟು ಸಲ ಹೋಗಿಲ್ಲ? ಪ್ರತಿ ಸಲವೂ ಅವ್ವ ‘ನೀವ ಹೋಗಿಬರ್ರಿ’ ಎಂದು ಮನೆಯಲ್ಲೇ ಉಳಿಯುತ್ತಿದ್ದಳು. ಮೊಣಕಾಲು ನೋವು ಎಂದುಕೊಂಡಿದ್ದೆವು. ನಾವು ಮಕ್ಕಳು ಎಷ್ಟು ಸುಲಭವಾಗಿ ಎಲ್ಲವನ್ನೂ ಮೊಣಕಾಲಿಗೆ ಹಚ್ಚಿಬಿಡುತ್ತೇವೆ, ಅಲ್ಲವೇ?

ನಮ್ಮ ಕಾಲೇಜಿನಲ್ಲಿ ಇಲಕಲ್ಲಿನ ಸಹೋದ್ಯೋಗಿಯೊಬ್ಬರಿದ್ದಾರೆ. ಟೇಲರ್ ಹೆಸರು ಹೇಳಿದೆ. ಎರಡೇ ದಿನದಲ್ಲಿ ಪತ್ತೆ ಮಾಡಿದರು. ಟೇಲರ್ ತೀರಿಕೊಂಡಿದ್ದಾರೆ, ಹಾಜರಾಬಿ ಮಗನ ಮನೆಯಲ್ಲಿದ್ದಾಳೆ.

ಮುಂದಿನ ರವಿವಾರ ಅವ್ವ, ನಾನು, ಸೃಷ್ಟಿ ಬಸ್ಸು ಹತ್ತಿದೆವು. ಗೇಮಿನ ಡಬ್ಬಿ ಚೀಲದಲ್ಲಿ, ಚೀಲ ಅವ್ವನ ತೊಡೆಯ ಮೇಲೆ. ಯಾರಿಗೂ ಕೊಡಲೊಲ್ಲಳು. ಅಮೀನಗಡ ದಾಟುವಷ್ಟರಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಹೊರಗೆ ಬಿಳಿಜೋಳದ ಹೊಲ ತೂಗುತ್ತ ಹಿಂದೆ ಹಿಂದೆ ಸರಿಯುತ್ತಿತ್ತು. ನಿದ್ದೆಯಲ್ಲೇ ಅವಳ ತೋರುಬೆರಳು ಒಮ್ಮೆ ಮಡಚಿತು, ಬಿಟ್ಟಿತು, ಮತ್ತೆ ಮಡಚಿತು.

ಹುನಗುಂದದಲ್ಲಿ ಎಚ್ಚರಾದಳು. “ಆಕಿ ಮಾತಾಡಲಿಲ್ಲಂದ್ರ?” ಎಂದಳು.

“ಮಾತಾಡ್ತಾಳ ಸುಮ್ಮನಿರವ್ವ.”

“ನಿನಗ ಗೊತ್ತಿಲ್ಲ.”

ಹಾಜರಾಬಿ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದ ಮನೆಯಲ್ಲಿ ಮಗ್ಗ ಟಕ್ ಟಕ್ ನಡೆದಿತ್ತು. ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದಿತ್ತು. ನಮ್ಮನ್ನು ಮಂಜಿನೊಳಗಿಂದ ನೋಡುವವರ ಹಾಗೆ ನೋಡಿದಳು.

“ಯಾರವಾ?”

ಅವ್ವ ಹೆಸರು ಹೇಳಲಿಲ್ಲ. “ಚಾದರ ಇಳಿಬಿಡಲೇನ ಹಾಜರಾ?” ಎಂದಳು.

ಹಾಜರಾಬಿ ಎರಡೂ ಕೈ ಚಾಚಿದಳು. “ಗೌರಕ್ಕಾ!” ಮುಂದೆ ಅವರಿಬ್ಬರೂ ಏನು ಹೇಳಿದರೋ ಮಗ್ಗದ ಸದ್ದಿನಲ್ಲಿ ನನಗೆ ಕೇಳಲಿಲ್ಲ. (ಕೇಳಿಸಿಕೊಳ್ಳಬಾರದೆಂದು ತುಸು ದೂರ ನಿಂತಿದ್ದೆ, ಅದೂ ಖರೆ.)

ಒಳಗೆ ಸೃಷ್ಟಿ ಟೀವಿಗೆ ಡಬ್ಬಿ ಜೋಡಿಸಿದಳು. ಅವ್ವ ಬಂದೂಕನ್ನು ಗೆಳತಿಯ ಕೈಗಿಟ್ಟಳು. “ತಗೋ. ಆವತ್ತ ಕೇಳಿದ್ದಿಯಲ್ಲ. ನಾ ಕೊಡಲಿಲ್ಲ.”

“ನಾ ಕೇಳಿದ್ನೆ? ಏನಕ್ಕಾ, ನನಗೇನೂ ನೆನಪಿಲ್ಲ.”

ಅವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಉದ್ದಕ್ಕೆ ಉಸಿರುಬಿಟ್ಟು ನೆಲದ ಮೇಲೆ ಕೂತಳು.

“ನನಗ ಹಕ್ಕಿ ಕಾಣೂದಿಲ್ಲಕ್ಕ” ಎಂದಳು ಹಾಜರಾಬಿ.

“ನನಗ ಕಾಣತಾವ. ಹಿಡಿ ನೀ.”

ಡಬ್ಬಿಯಲ್ಲಿ ಎರಡು ಬಂದೂಕಿವೆ. ಇಬ್ಬರೂ ಒಟ್ಟಿಗೇ ಆಡಬಹುದು ಎಂದು ಸೃಷ್ಟಿ ಎರಡನೆಯದನ್ನು ಕೊಡಹೋದಳು. ಅವ್ವ ಅದನ್ನು ಬದಿಗಿಟ್ಟಳು. “ಒಂದ ಸಾಕವಾ.”

ಹಕ್ಕಿ ಎದ್ದಿತು. “ಎಡಕ್ಕ… ಮ್ಯಾಲ… ಇನ್ನೂ ಮ್ಯಾಲ… ತಾಳು… ಈಗ!” ತಪ್ಪಿತು. ಎರಡನೆಯದೂ ತಪ್ಪಿತು. ಇಬ್ಬರೂ ಹುಡುಗಿಯರಂತೆ ನಕ್ಕರು. ಮೂರನೆಯದಕ್ಕೆ ಅವ್ವ ಅವಳ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟಳು.

“ಬಲಕ್ಕ… ಬಲಕ್ಕ… ತಿರುಗ್ತದ ನೋಡ… ಈಗ!”

ಬಿತ್ತು.

ಹಾಜರಾಬಿ ಹಾಕಿದ ಕೂಗಿಗೆ ಪಕ್ಕದ ಮಗ್ಗ ನಿಂತಿತು.

ಆಮೇಲೆ ಅವಳು ಚಹಾಕ್ಕೆ ಎದ್ದಳು. ಸೊಸೆ ಮನೆಯಲ್ಲಿರಲಿಲ್ಲ, ನಾನು ಹಿಂದೆ ಹೋದೆ. ಸಕ್ಕರೆ ಡಬ್ಬಿ ತಡಕುತ್ತ ತಗ್ಗಿದ ದನಿಯಲ್ಲಿ ಹೇಳಿದಳು: “ಎಲ್ಲಾ ನೆನಪೈತವಾ. ಆವತ್ತ ಭಾಳ ಬ್ಯಾಸರಾತು. ಇಲಕಲ್ಲ ಮುಟ್ಟೂತನಾ ಅತ್ತೇನಿ. ಆದ್ರ ಪಾಪ, ಆಕಿ ಇಷ್ಟ ವರ್ಷ ಅದನ್ನ ಹೊತ್ಕೊಂಡ ತಿರಗ್ಯಾಳಲ್ಲ. ಸಾಕು. ನಿಮ್ಮವ್ವಗ ಹೇಳಬ್ಯಾಡ.”

ಹೇಳಿಲ್ಲ. (ಇಲ್ಲಿ ಬರೆದದ್ದು ಹೇಳಿದಂತಾಗುವುದಿಲ್ಲ. ಅವ್ವ ನನ್ನ ಅಂಕಣ ಓದುವುದಿಲ್ಲ, ಪ್ರತಿ ವಾರವೂ ಕನ್ನಡಕ ಸಿಗುವುದಿಲ್ಲ.)

ಮನೆಗೆ ಬಂದ ಮೇಲೆ ಆ ಗೇಮಿನ ಜಾಹೀರಾತು ನೋಡಿದೆ. ಅಪ್ಪ ಮಗ ಕೂತು ಆಡುತ್ತಾರೆ, ನಿಮ್ಮ ಬಾಲ್ಯ ಮರಳಿ ಬಂತು ಅನ್ನುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಹೆಂಗಸೂ ಅದರಲ್ಲಿಲ್ಲ. ಮಾರುವವರನ್ನು ಯಾಕೆ ಅನ್ನಲಿ? ಅದೇ ಮನೆಯಲ್ಲಿ ಬೆಳೆದ ನನಗೂ ಕಂಡಿರಲಿಲ್ಲ. ಅವ್ವನ ಮಧ್ಯಾಹ್ನ ಎಂದರೆ ನಮ್ಮ ಬೆಳಗಿಗೂ ಸಂಜೆಗೂ ನಡುವೆ ಇರುವ ಖಾಲಿ ಜಾಗ ಎಂದೇ ತಿಳಿದಿದ್ದೆ.

ಆಮೇಲೆ ಅವ್ವ ಎರಡು ಸಲ ಒಬ್ಬಳೇ ಇಲಕಲ್ಲಿಗೆ ಹೋಗಿ ಬಂದಳು. (ಬಸ್ಸು ಹೆಂಗಸರಿಗೆ ಪುಕ್ಕಟೆ. ಮೊಣಕಾಲು ನೋವಿನ ಸುದ್ದಿಯೇ ಇಲ್ಲ.) ಒಂದು ಬಂದೂಕು ಹಾಜರಾಬಿಯ ಮನೆಯ ಮೊಳೆಗೆ ತೂಗುಬಿದ್ದಿದೆ. ಡಬ್ಬಿ ಇಲ್ಲದೆ ಅದರಿಂದ ಏನೂ ಹೊಡೆಯಲಾಗದು. ಎರಡನೇ ಸಲ ಹೊರಟಾಗ ಕೇಳಿದೆ: “ಡಬ್ಬಿ ಬ್ಯಾಡೇನವ್ವ?”

“ಅದ್ಯಾಕ? ಮಾತಾಡೂದ ಭಾಳ ಉಳದೈತಿ” ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು.

ಅಂದಹಾಗೆ, ನೀವು ಸಾಲಿಯಲ್ಲಿದ್ದಾಗ ನಿಮ್ಮ ಅವ್ವ ಮಧ್ಯಾಹ್ನ ಏನು ಮಾಡುತ್ತಿದ್ದಳು, ಎಂದಾದರೂ ಕೇಳಿದ್ದೀರಾ?