ಇಬ್ಬರು ಯಜಮಾನರ ಜನರೇಟರ್

ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಲ್ಲಿನ ಪುಟ್ಟ ಕಂಪನಿಯೊಂದರಲ್ಲಿ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಸಾತನೂರು ಕಡೆಯ ಒಂದು ಹಾಲಿನ ಡೇರಿಯ ಕೆಲಸ ನಮಗೆ ಬಂತು. ಕರೆಂಟ್ ಹೋದ ಕೂಡಲೇ ಕಂಪ್ಯೂಟರೇ ಜನರೇಟರ್ ಚಾಲೂ ಮಾಡಬೇಕು, ಟ್ಯಾಂಕಿನ ಹಾಲು ತಣ್ಣಗೇ ಇರಬೇಕು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಬ್ಯಾಟರಿಯಲ್ಲೂ ಓಡುವ ಎರಡು ಕಂಪ್ಯೂಟರ್ ಇಟ್ಟೆವು. ಹಾಲು ಅಳೆಯುವ ಕೋಣೆಯಲ್ಲೊಂದು, ಅಂಗಳದಾಚೆ ಟ್ಯಾಂಕಿನ ಕೋಣೆಯಲ್ಲೊಂದು. ಜನರೇಟರಿಗೆ ಎರಡರಿಂದಲೂ ಬೇರೆ ಬೇರೆ ಸಂಪರ್ಕ; ಒಂದರೊಡನೊಂದು ಮಾತಾಡಲು ನಡುವೆ ಒಂದು ವೈರು.

ಇವೆರಡನ್ನೂ ಹೊಂದಿಸುವ ಸಾಫ್ಟ್‌ವೇರ್ ಯಾವುದು ಎಂಬುದೇ ಜಗಳ. ನಮ್ಮ ಬಾಸ್‌ಗೆ ರೆಡಿಮೇಡ್ ಸಿಗುವ ಒಂದು ಇಷ್ಟವಾಗಿತ್ತು. ಅದರಲ್ಲಿ ಆಚೆಯ ಕಂಪ್ಯೂಟರ್ ಉತ್ತರ ಕೊಡದಿದ್ದರೆ ಅದು ಸತ್ತಿದೆ ಎಂದುಕೊಂಡು ಈಚೆಯದು ತಕ್ಷಣ ಯಜಮಾನಿಕೆ ವಹಿಸಿಕೊಳ್ಳುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಮಾತಾಡದವರೆಲ್ಲ ಸತ್ತವರೇನು?

"ಸಾರ್, ಮೂರನೇದೊಂದು ಇಡೋಣ. ಮೂರರಲ್ಲಿ ಎರಡು ಒಪ್ಪಿದ್ರೆ ಮಾತ್ರ ಅಧಿಕಾರ ಕೊಡೋ ಸಾಫ್ಟ್‌ವೇರ್ ಇದೆ."

"ನಿಂಗೆ ಎಲ್ಲದ್ರಲ್ಲೂ ಕೊಂಕು ಕಣಮ್ಮ" ಅಂದರು. ಅವರದೇ ನಡೆಯಿತು.

ಒಂದು ಸಂಜೆ ನಾನು ಡೇರಿಯಲ್ಲಿದ್ದಾಗ ಗುಡುಗಿತು. ನಮ್ಮ ಕಡೆ ಗುಡುಗಿದರೆ ಟೀವಿ, ಫೋನು, ಕಣ್ಣಿಗೆ ಬಿದ್ದ ವೈರನ್ನೆಲ್ಲ ಕಿತ್ತಿಡುವುದು ವಾಡಿಕೆ. ಡೇರಿಯ ಕಾರ್ಯದರ್ಶಿ ಅಂಗಳದ ವೈರನ್ನೂ ಕಿತ್ತರು. ಎರಡೂ ಕಂಪ್ಯೂಟರ್‌ಗಳು ಇನ್ನೊಂದು ಸತ್ತಿತೆಂದುಕೊಂಡವು. ಕರೆಂಟೂ ಹೋಯಿತು. ಒಂದು ಕಂಪ್ಯೂಟರ್ ಜನರೇಟರನ್ನು ಚಾಲೂ ಮಾಡಿತು. ತಾನು ಹೇಳುವ ಮೊದಲೇ ಓಡುತ್ತಿದೆ, ಏನೋ ಎಡವಟ್ಟು ಎಂದು ಇನ್ನೊಂದು ನಿಲ್ಲಿಸಿತು. ಮತ್ತೆ ಚಾಲೂ, ಮತ್ತೆ ಬಂದ್. ಅಯ್ಯೋ, ಹೆಂಗಸರು ಈಗಷ್ಟೇ ಕರೆದು ತಂದು ಸುರಿದ ಇಡೀ ಊರಿನ ಹಾಲು! ಓಡಿಹೋಗಿ ಎರಡನ್ನೂ ಆರಿಸಿ, ಜನರೇಟರನ್ನು ಕೈಯಲ್ಲೇ ಶುರುಮಾಡಿದೆ. ಹಾಲು ಉಳಿಯಿತು.

"ವೈರ್ ಕೀಳ್ಬೇಡಿ ಅಂತ ಅವ್ರಿಗೆ ಹೇಳು" ಎಂದರು ಬಾಸ್. ಹೇಳಿದೆ. ಕಾರ್ಯದರ್ಶಿ ಕೆರಳಿದರು. "ಸಿಡ್ಲು ಹೊಡ್ದು ಎಲ್ಲಾ ಸುಟ್ಟೋದ್ರೆ ನೀನ್ ಬತ್ತೀಯೇನವ್ವ? ನಾನ್ ಕೀಳೋನೇ!"

ಕೊನೆಗೆ ಬಾಸ್ ಗೊಣಗುತ್ತಲೇ ನನ್ನ ದಾರಿಗೆ ಬಂದರು. "ಈ ಸಲ ಹಾಲು ಕೆಟ್ರೆ ನಿನ್ ಕೆಲ್ಸಾನೂ ಹೋಯ್ತು ಅಂದ್ಕೊ." ಮೂರನೆಯದನ್ನು ಟ್ಯಾಂಕಿನ ಕೋಣೆಯಲ್ಲೇ ಇಟ್ಟೆ; ಅಂಗಳದ ವೈರು ಕಿತ್ತರೂ ಅಲ್ಲಿ ಎರಡು ಜೊತೆಗಿರುತ್ತವೆ. ಖಾಲಿ ಟ್ಯಾಂಕಿನಲ್ಲಿ ಪರೀಕ್ಷಿಸೋಣ ಎಂದರೆ ಕಾರ್ಯದರ್ಶಿ ಬಿಡಲಿಲ್ಲ. "ಹಾಲ್ ತುಂಬ್ಕಂಡ್ ಕೀಳವ್ವ. ಬರೀ ಟ್ಯಾಂಕ್ ಇಟ್ಕಂಡ್ ಕಿತ್ರೆ ಏನ್ ಬಂತು?"

ಸಂಜೆಯ ಹಾಲು ತುಂಬಿತು. ಮೇನ್ ಸ್ವಿಚ್ ಆರಿಸಿ, ನಾನೇ ವೈರು ಕಿತ್ತೆ. ಜನರೇಟರ್ ಶುರುವಾಯಿತು, ನಿಲ್ಲಲಿಲ್ಲ. ಆದರೂ ನಂಬಿಕೆ ಬಾರದೆ ಅಳೆಯುವ ಕೋಣೆಗೆ ಓಡಿದೆ. ಒಂಟಿಯಾದ ಕಂಪ್ಯೂಟರ್ ಯಾವ ಆಜ್ಞೆಯನ್ನೂ ಕೊಡದೆ ತೆಪ್ಪಗಿತ್ತು.

"ಇದ್ ಕೆಟ್ಟೋಯ್ತಾ?" ಹಿಂದೆಯೇ ಬಂದ ಕಾರ್ಯದರ್ಶಿ ಕೇಳಿದರು.

"ಇಲ್ಲಣ್ಣ. ಆ ಕಡೆ ಏನಾಗಿದ್ಯೋ ಗೊತ್ತಿಲ್ಲ ಅಂತ ಸುಮ್ನೆ ಕೂತಿದೆ."

"ಅಂಗಾರೆ ನೀನೂ ಒಸಿ ಕೂತ್ಕಳವ್ವ."

ನನ್ನಿಂದಾಗಲಿಲ್ಲ. ಹಾಲು ತಣ್ಣಗಿದೆಯೋ ನೋಡಲು ಮತ್ತೆ ಅಂಗಳ ದಾಟಿ ಓಡಿದೆ.